ಕೇಳುಗ ಕಥೆಯೊಳಗೇ ನಿಂತಾಗ: ವಿಆರ್ ಗೇಮ್‌ಗಳಲ್ಲಿ ಜನಪದ ಮತ್ತು ಪುರಾಣ

ಕಣ್ಣಿಗೆ ತೊಡುವ ಹೆಡ್‌ಸೆಟ್ಟಿನ ಮೂಲಕ ಕೃತಕ ಲೋಕವೊಂದರ ಒಳಗೇ ನಿಂತ ಅನುಭವ ಕೊಡುವ ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ಕುರಿತು ಬರುವ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದವರಿಗೆ ತಲೆಬುಡ ತಿಳಿಯದಂತಾಗುವುದು ಸಹಜ. ಅಳಿವಿನಂಚಿನಲ್ಲಿರುವ ಭಾಷೆಗಳ ಕಥೆಗಳನ್ನೂ ಹಳೆಯ ಪುರಾಣಗಳನ್ನೂ ಹೊಸ ತಲೆಮಾರಿಗೆ ಮುಟ್ಟಿಸಲು ವಿಆರ್ ಗೇಮ್‌ಗಳೇ ತಕ್ಕ ದಾರಿ ಎಂಬ ಮಾತು ಒಂದು ಕಡೆ ಕೇಳಿಬರುತ್ತದೆ. ಅದೇ ತಂತ್ರಜ್ಞಾನದ ಮೇಲೆ ಎಡೆಬಿಡದೆ ಹಣ ಸುರಿದಿರುವ ಮೆಟಾ ಕಂಪನಿಯ ರಿಯಾಲಿಟಿ ಲ್ಯಾಬ್ಸ್ ವಿಭಾಗ 2024ರ ಒಂದೇ ವರ್ಷದಲ್ಲಿ ಸುಮಾರು 1,770 ಕೋಟಿ ಡಾಲರ್ ನಷ್ಟ ತೋರಿಸಿತು ಎಂಬ ಲೆಕ್ಕ ಇನ್ನೊಂದು ಕಡೆ ಇದೆ. ಅದೇ ವರ್ಷ ಮೇ 24ರಂದು ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಸದಸ್ಯ ರಾಷ್ಟ್ರಗಳು ಜಿನೀವಾದಲ್ಲಿ ಸಾಂಪ್ರದಾಯಿಕ ಜ್ಞಾನಕ್ಕೆ ಸಂಬಂಧಿಸಿದ ಒಪ್ಪಂದವೊಂದನ್ನು ಅಂಗೀಕರಿಸಿದವು. ಇನ್ನು ಮುಂದೆ ಜನಪದ ಕಥೆಗಳನ್ನು ಹೇಳದೆ ಕೇಳದೆ ಬಳಸುವಂತಿಲ್ಲ ಎಂದು ಆ ಸುದ್ದಿಯ ತಲೆಬರಹ ಓದಿದವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಆ ಒಪ್ಪಂದ ಕಥೆಗಳ ಗೊಡವೆಗೇ ಹೋಗುವುದಿಲ್ಲ.

ಮೂರು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡಿರುವುದೇ ಈ ಗೊಂದಲಕ್ಕೆ ಕಾರಣ. ಈ ಸಾಧನ ಕಥೆ ಹೇಳಲು ತಕ್ಕುದೇ ಎಂಬುದು ಮೊದಲನೆಯದು. ಕಥೆಯನ್ನು ಹೇಳುವ ಅಧಿಕಾರ ಯಾರದು ಎಂಬುದು ಎರಡನೆಯದು. ಸಾಧನವೇ ಮೂಲೆ ಸೇರಿದ ಮೇಲೆ ಅದರೊಳಗಿನ ಕಥೆಯ ಗತಿಯೇನು ಎಂಬುದು ಮೂರನೆಯದು. ಚರ್ಚೆಯ ಬಹುಪಾಲು ಮೊದಲ ಪ್ರಶ್ನೆಯ ಸುತ್ತಲೇ ನಡೆಯುತ್ತಿದೆಯಾದರೂ ಫಲಿತಾಂಶವನ್ನು ನಿರ್ಧರಿಸುವುದು ಉಳಿದೆರಡು.

ಹೆಡ್‌ಸೆಟ್ ನಿಜಕ್ಕೂ ಮಾಡುವುದೇನು

ಹೆಡ್‌ಸೆಟ್ ಎರಡು ಕಣ್ಣುಗಳಿಗೆ ತುಸು ಭಿನ್ನವಾದ ಎರಡು ಚಿತ್ರಗಳನ್ನು ತೋರಿಸಿ ಆಳದ ಅನುಭವ ಕೊಡುತ್ತದೆ, ತಲೆ ಮತ್ತು ಕೈಗಳ ಚಲನೆಯನ್ನು ಅಳೆಯುತ್ತದೆ, ಅದಕ್ಕೆ ತಕ್ಕಂತೆ ಚಿತ್ರವನ್ನು ಸೆಕೆಂಡಿಗೆ 72, 90 ಅಥವಾ ಅದಕ್ಕೂ ಹೆಚ್ಚು ಬಾರಿ ಹೊಸದಾಗಿ ಬಿಡಿಸುತ್ತದೆ. ತಲೆ ತಿರುಗಿಸಿದ್ದಕ್ಕೂ ಚಿತ್ರ ತಿರುಗಿದ್ದಕ್ಕೂ ನಡುವಿನ ಅಂತರ ಸುಮಾರು 20 ಮಿಲಿಸೆಕೆಂಡಿನೊಳಗೆ ಇದ್ದರೆ ಮಿದುಳು ಅದನ್ನು ಒಪ್ಪಿಕೊಳ್ಳುತ್ತದೆ. ಕಣ್ಣು ಹೇಳುವುದಕ್ಕೂ ಒಳಕಿವಿಯ ಸಮತೋಲನದ ಅಂಗ ಹೇಳುವುದಕ್ಕೂ ತಾಳೆಯಾಗದಿದ್ದರೆ ಹೊಟ್ಟೆ ತೊಳಸಲು ತೊಡಗುತ್ತದೆ.

ಪುರಾಣಕ್ಕೆ ಇದರಿಂದ ದೊರೆಯುವ ದೊಡ್ಡ ಲಾಭ ಗಾತ್ರದ ಅನುಭವ. ಆಕಾಶಕ್ಕೂ ಭೂಮಿಗೂ ಏಕವಾಗಿ ನಿಂತ ರೂಪವನ್ನು ಟಿವಿ ಪರದೆಯ ಮೇಲೆ ತೋರಿಸಬೇಕಾದರೆ ಅದರ ಪಾದದ ಬಳಿ ಪುಟ್ಟ ಮನುಷ್ಯನೊಬ್ಬನನ್ನು ನಿಲ್ಲಿಸಿ ಹೋಲಿಕೆಯಿಂದ ಹೇಳಬೇಕು. ಹೆಡ್‌ಸೆಟ್ಟಿನಲ್ಲಿ ಆ ಪುಟ್ಟ ಮನುಷ್ಯ ನೋಡುಗನೇ ಆಗಿರುತ್ತಾನೆ. ಮುಖ ಕಾಣಬೇಕೆಂದರೆ ಕತ್ತನ್ನು ನಿಜವಾಗಿಯೂ ಹಿಂದಕ್ಕೆ ಬಾಗಿಸಬೇಕಾಗುತ್ತದೆ. ಎತ್ತರವನ್ನು ಕತ್ತಿನ ನೋವೇ ಹೇಳುತ್ತದೆ. ಸಂಶೋಧಕ ಮೆಲ್ ಸ್ಲೇಟರ್ 2009ರಲ್ಲಿ ಈ ಅನುಭವವನ್ನು ಎರಡು ಭ್ರಮೆಗಳಾಗಿ ಬಿಡಿಸಿ ವಿವರಿಸಿದ್ದರು. 'ನಾನು ಅಲ್ಲೇ ಇದ್ದೇನೆ' ಎನ್ನಿಸುವುದು ಒಂದು, 'ಇಲ್ಲಿ ನಡೆಯುತ್ತಿರುವುದು ನಿಜಕ್ಕೂ ನಡೆಯುತ್ತಿದೆ' ಎನ್ನಿಸುವುದು ಮತ್ತೊಂದು. ಮೊದಲನೆಯದನ್ನು ಯಂತ್ರ ಕೊಡಬಲ್ಲದು, ಎರಡನೆಯದಕ್ಕೆ ಆ ಲೋಕ ನೋಡುಗನಿಗೆ ಪ್ರತಿಸ್ಪಂದಿಸಬೇಕು. ಎದುರಿಗಿರುವ ವನದೇವತೆ ನೋಡುಗನ ಕಣ್ಣನ್ನು ಹುಡುಕಿ ನೋಡಿದರೆ ಮೈ ಜುಮ್ಮೆನ್ನುತ್ತದೆ, ಅವಳ ನೋಟ ಅವನನ್ನು ಹಾದು ಗೋಡೆಗೆ ಹೋದರೆ ಅವಳು ಬರೀ ಬೊಂಬೆಯಾಗುತ್ತಾಳೆ.

ನಷ್ಟವೂ ಈ ಯಂತ್ರದ ಗುಣದಿಂದಲೇ ಬರುತ್ತದೆ. ಕುಳಿತಲ್ಲೇ ಕುಳಿತು ಕಣ್ಣಿಗೆ ಮಾತ್ರ ನಡಿಗೆ ತೋರಿಸಿದರೆ ಹಲವರಿಗೆ ತಲೆಸುತ್ತು ಬರುವುದರಿಂದ, ಅನೇಕ ವಿಆರ್ ಗೇಮ್‌ಗಳಲ್ಲಿ ಆಟಗಾರ ಬೆರಳು ತೋರಿದ ಜಾಗಕ್ಕೆ ಕ್ಷಣದಲ್ಲಿ ಜಿಗಿಯುತ್ತಾನೆ. ಏಳು ಸಮುದ್ರ ದಾಟುವ, ಹಗಲಿರುಳು ಕಾಡು ಅಲೆಯುವ ಕಥೆಗಳಲ್ಲಿ ದಾರಿಯೇ ಅರ್ಧ ಕಥೆ. ಆ ದಾರಿ ನಾಲ್ಕು ಜಿಗಿತಗಳಾದಾಗ ಕಥೆಯ ಕಾಲಮಾನವೇ ಕುಗ್ಗುತ್ತದೆ. ಗೇಮ್‌ನ ತಾಂತ್ರಿಕ ವಿಮರ್ಶೆಗಳಲ್ಲಿ ಇದು ಆರಾಮದ ವಿಷಯವಾಗಿ ಮಾತ್ರ ಪ್ರಸ್ತಾಪವಾಗುತ್ತದೆ, ಕಥನದ ವಿಷಯವಾಗಿ ಅಲ್ಲ ಎಂಬುದು ವಿಚಿತ್ರ.

ಹೂಂಗುಟ್ಟುವವರಿಲ್ಲದ ಕಥೆ

ಮೌಖಿಕ ಪರಂಪರೆಯಲ್ಲಿ ಕಥೆ ಎಂಬುದು ಹೇಳುಗ, ಕೇಳುಗ ಮತ್ತು ಸಂದರ್ಭ ಸೇರಿದಾಗ ಆಗುವ ಘಟನೆ. ಹೇಳುವವರು ಕೇಳುವವರ ಮುಖ ನೋಡುತ್ತಾ ಒಂದು ಕಡೆ ಹಿಗ್ಗಿಸುತ್ತಾರೆ, ಇನ್ನೊಂದು ಕಡೆ ಸರಸರನೆ ದಾಟಿಸುತ್ತಾರೆ. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತದೆ. 2003ರ ಯುನೆಸ್ಕೋ ಅಮೂರ್ತ ಪರಂಪರೆ ಒಪ್ಪಂದವೂ ಇಂಥ ಪರಂಪರೆಯನ್ನು ಸಮುದಾಯಗಳು ಸದಾ ಹೊಸದಾಗಿ ಮರುಸೃಷ್ಟಿಸುತ್ತಿರುತ್ತವೆ ಎಂದೇ ವಿವರಿಸುತ್ತದೆ. ಹಾಗಾಗಿ ಒಂದು ಕಥೆಯನ್ನು ಗೇಮ್ ಆಗಿಸುವುದೆಂದರೆ ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದಂತೆ ಆಗುವುದಿಲ್ಲ. ಹರಿಯುವುದನ್ನು ಎಲ್ಲೋ ಒಂದು ಕಡೆ ತಡೆದು ನಿಲ್ಲಿಸಲೇಬೇಕಾಗುತ್ತದೆ.

ಎಲ್ಲಿ ತಡೆಯಬೇಕೆಂಬುದು ಸಣ್ಣ ಸಂಗತಿಯಲ್ಲ. ರಾಮಾಯಣವನ್ನೇ ತೆಗೆದುಕೊಂಡರೆ, ಜೈನ ಪರಂಪರೆಯ ರಾಮಕಥೆಗಳಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಕನ್ನಡದ ಪಂಪ ರಾಮಾಯಣವೂ ಆ ದಾರಿಯದೇ. ಥಾಯ್ಲೆಂಡಿನ ರಾಮಕಿಯೆನ್‌ನಲ್ಲಿ ಹನುಮಂತ ಬ್ರಹ್ಮಚಾರಿಯಲ್ಲ, ಮತ್ಸ್ಯಕನ್ಯೆಯೊಬ್ಬಳೊಂದಿಗೆ ಅವನ ಪ್ರೇಮವಿದೆ. ಪುಸ್ತಕದ ಕಪಾಟಿನಲ್ಲಿ ಇವೆಲ್ಲ ಪಕ್ಕಪಕ್ಕದಲ್ಲೇ ಇರಬಹುದು, ಆದರೆ ಕೋಟಿಗಟ್ಟಲೆ ವೆಚ್ಚದ ಗೇಮ್ ಒಂದನ್ನೇ ಆರಿಸಿಕೊಳ್ಳುತ್ತದೆ. ಆರಿಸಿದ ಪಾಠವೇ ಮುಂದೆ 'ಮೂಲ' ಎನಿಸಿಕೊಳ್ಳುವ ಸಾಧ್ಯತೆ, ಉಳಿದವು 'ತಪ್ಪು' ಎನಿಸಿಕೊಳ್ಳುವ ಅಪಾಯ, ಎರಡೂ ನೋಡುಗ ಆ ಲೋಕದೊಳಗೇ ನಿಂತಿದ್ದಾಗ ಇನ್ನಷ್ಟು ಹೆಚ್ಚುತ್ತವೆ. ವಿವರಗಳ ಮಟ್ಟದಲ್ಲಿ ಇದು ಮತ್ತೂ ಸ್ಪಷ್ಟ. ಕಥೆ ಹೇಳುವವಳು 'ನೋಡಿದರೆ ಎದೆ ಝಲ್ಲೆನ್ನುವ ರಾಕ್ಷಸಿ' ಎಂದು ನಿಲ್ಲಿಸಿದರೆ ಪ್ರತಿ ಕೇಳುಗನೂ ತನ್ನದೇ ರಾಕ್ಷಸಿಯನ್ನು ಕಂಡುಕೊಳ್ಳುತ್ತಾನೆ. ತ್ರಿ-ಆಯಾಮದ ಮಾದರಿ ಮಾಡುವ ಕಲಾವಿದನಿಗೆ ಆ ಅನುಕೂಲವಿಲ್ಲ. ಅವಳ ಹಲ್ಲೆಷ್ಟು, ಮೈಬಣ್ಣ ಯಾವುದು, ಹಿಂದಿನಿಂದ ಕಂಡಾಗ ಜಡೆ ಹೇಗಿದೆ, ಎಲ್ಲವನ್ನೂ ಅವನು ತೀರ್ಮಾನಿಸಲೇಬೇಕು. ಮೈಬಣ್ಣದ ಪ್ರಶ್ನೆ ಬಂದಲ್ಲಿ ಈ ತೀರ್ಮಾನ ಬರೀ ಕಲೆಯ ವಿಷಯವಾಗಿ ಉಳಿಯುವುದೂ ಇಲ್ಲ.

ಆದರೆ ಗೇಮ್‌ಗೆ ಪುಸ್ತಕಕ್ಕೂ ಸಿನಿಮಾಕ್ಕೂ ಇಲ್ಲದ ಒಂದು ಶಕ್ತಿಯಿದೆ. ಅದು ಕವಲೊಡೆಯಬಲ್ಲದು. ಬಾವೊಬಾಬ್ ಸ್ಟುಡಿಯೋಸ್ 2021ರಲ್ಲಿ ಹೊರತಂದ 'ಬಾಬಾ ಯಾಗಾ' ಎಂಬ ವಿಆರ್ ಕೃತಿಯಲ್ಲಿ, ಸ್ಲಾವಿಕ್ ಜನಪದದ ಕಾಡಿನ ಮಾಟಗಾತಿಯ ಎದುರು ನಿಲ್ಲುವ ನೋಡುಗನ ಆಯ್ಕೆಯಂತೆ ಕೊನೆ ಬದಲಾಗುತ್ತದೆ. ಆ ಮಾಟಗಾತಿ ಮೂಲ ಕಥೆಗಳಲ್ಲೂ ಒಮ್ಮೆ ಮಕ್ಕಳನ್ನು ತಿನ್ನುವವಳು, ಒಮ್ಮೆ ದಾರಿ ತೋರುವವಳು; ಆ ಇಬ್ಬಂದಿತನವನ್ನು ಕವಲುಗಳು ಉಳಿಸಿಕೊಳ್ಳಬಲ್ಲವು. ಇದೇ ಉಪಾಯವನ್ನು ಪಾಠಾಂತರಗಳಿಗೆ ಅನ್ವಯಿಸಿ, ಹೇಳುಗರು ಬದಲಾದಂತೆ ಕಥೆಯೂ ಬದಲಾಗುವ ಗೇಮ್ ರಚಿಸುವುದು ತಾಂತ್ರಿಕವಾಗಿ ಕಷ್ಟವೇನಲ್ಲ. ಒಂದೊಂದು ಕವಲಿಗೂ ಬೇರೆ ದೃಶ್ಯ, ಬೇರೆ ಧ್ವನಿ, ಬೇರೆ ಖರ್ಚು ಬೇಕಾಗುವುದರಿಂದ ದೊಡ್ಡ ಸ್ಟುಡಿಯೋಗಳು ಅದಕ್ಕೆ ಸುಲಭವಾಗಿ ಕೈಹಾಕುವುದಿಲ್ಲ, ಅಷ್ಟೆ.

ದೇವರ ಮೈಯೊಳಗೆ ಆಟಗಾರ

2009ರಲ್ಲಿ ಭಾರತದಲ್ಲೇ ತಯಾರಾದ 'ಹನುಮಾನ್: ಬಾಯ್ ವಾರಿಯರ್' ಎಂಬ ಪ್ಲೇಸ್ಟೇಷನ್ 2 ಗೇಮ್ ಬಿಡುಗಡೆಯಾದಾಗ, ಅಮೆರಿಕದ ಹಿಂದೂ ಸಂಘಟನೆಯೊಂದು ಅದನ್ನು ಹಿಂತೆಗೆದುಕೊಳ್ಳಬೇಕೆಂದು ಒತ್ತಾಯಿಸಿತ್ತು. ಪೂಜಿಸಬೇಕಾದ ದೈವವನ್ನು ಗುಂಡಿಗಳನ್ನು ಒತ್ತಿ ಕುಣಿಸುವುದು ಅಗೌರವ ಎಂಬುದು ಅದರ ವಾದದ ತಿರುಳು. 2012ರಲ್ಲಿ 'ಸ್ಮೈಟ್' ಗೇಮ್‌ನ ಕಾಳಿಯ ಚಿತ್ರಣಕ್ಕೂ ಇಂಥದೇ ಆಕ್ಷೇಪ ಬಂತು. ಗ್ರೀಕ್ ಅಥವಾ ನಾರ್ಸ್ (ಪ್ರಾಚೀನ ಸ್ಕ್ಯಾಂಡಿನೇವಿಯದ) ದೇವತೆಗಳ ವಿಷಯದಲ್ಲಿ ಇಷ್ಟು ದೊಡ್ಡ ಸದ್ದು ಕೇಳಿಸದಿರುವುದಕ್ಕೆ ಕಾರಣ ಆ ಪುರಾಣಗಳು ಕಡಿಮೆ ಪವಿತ್ರ ಎಂಬುದಲ್ಲ. ಅವುಗಳನ್ನು ನಿತ್ಯಪೂಜೆಯಾಗಿ ಬಾಳುತ್ತಿರುವವರ ಸಂಖ್ಯೆ ಇಂದು ಬಹಳ ಚಿಕ್ಕದು. ಬಳಕೆಯಲ್ಲಿರುವ ನಂಬಿಕೆಗೂ ಪುಸ್ತಕದಲ್ಲಿ ಉಳಿದ ಪುರಾಣಕ್ಕೂ ಒಂದೇ ಅಳತೆಗೋಲು ಹಿಡಿಯುವುದೇ ಹೆಚ್ಚಿನ ವಿವಾದಗಳ ಬೇರು.

ವಿಆರ್ ಈ ಬೇರಿಗೆ ಇನ್ನಷ್ಟು ನೀರೆರೆಯುತ್ತದೆ, ಏಕೆಂದರೆ ಇಲ್ಲಿ ಆಟಗಾರ ಪಾತ್ರವನ್ನು ಹೊರಗಿನಿಂದ ಆಡಿಸದೆ ಅದರ ಮೈಯನ್ನೇ ತೊಟ್ಟುಕೊಳ್ಳುತ್ತಾನೆ. ಡಿಜಿಟಲ್ ಮೈಯ ರೂಪ ಮನುಷ್ಯರ ನಡವಳಿಕೆಯನ್ನೇ ತುಸು ಬದಲಿಸುತ್ತದೆ ಎಂದು ನಿಕ್ ಯೀ ಮತ್ತು ಜೆರೆಮಿ ಬೇಲೆನ್ಸನ್ 2007ರಲ್ಲಿ ತೋರಿಸಿದ್ದರು. ಎತ್ತರದ ಅವತಾರ ಸಿಕ್ಕವರು ಚೌಕಾಸಿಯಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತಿದ್ದರು. ಮಕ್ಕಳ ಮೇಲೆ 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇಲ್ಲಿಗೆ ಮತ್ತೂ ಹತ್ತಿರದ್ದು. ತಾವು ತಿಮಿಂಗಿಲಗಳ ಜೊತೆ ಈಜುತ್ತಿರುವುದನ್ನು ವಿಆರ್‌ನಲ್ಲಿ ಕಂಡ ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳಲ್ಲಿ ಹಲವರು ಅದು ನಿಜವಾಗಿ ನಡೆದದ್ದೆಂದೇ ಕೆಲವು ದಿನಗಳ ಬಳಿಕ ನೆನೆದರು. ಈ ಅಧ್ಯಯನವನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಅಂಶವೊಂದಿದೆ: ಹೆಡ್‌ಸೆಟ್ ಇಲ್ಲದೆ, ಕಣ್ಣು ಮುಚ್ಚಿ ಆ ದೃಶ್ಯವನ್ನು ಬರೀ ಕಲ್ಪಿಸಿಕೊಂಡ ಮಕ್ಕಳಲ್ಲೂ ಅಂಥದೇ ಸುಳ್ಳು ನೆನಪು ಮೂಡಿತ್ತು. ಕಲ್ಪನೆಯ ಬಲವನ್ನು ಯಂತ್ರ ಹೊಸದಾಗಿ ಕೊಡುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗದು. ಇಷ್ಟಾದರೂ ಕಥೆ ಕೇಳುವ ವಯಸ್ಸಿನ ಎಳೆಯ ಮಕ್ಕಳಿಗೆ ಈ ಸಾಧನ ಅಧಿಕೃತವಾಗಿ ಸಲ್ಲುವುದೇ ಇಲ್ಲ. ಪ್ಲೇಸ್ಟೇಷನ್ ವಿಆರ್ 12 ವರ್ಷ ಎನ್ನುತ್ತದೆ. ಮೆಟಾ 2023ರಲ್ಲಷ್ಟೇ ತನ್ನ ಮಿತಿಯನ್ನು, ಪೋಷಕರ ಹಿಡಿತದ ಷರತ್ತಿನೊಂದಿಗೆ, 13ರಿಂದ 10ಕ್ಕೆ ಇಳಿಸಿತು.

ಆಟಗಾರನನ್ನು ದೇವರಾಗಿಸದೆ ಸಾಕ್ಷಿಯನ್ನಾಗಿ, ಜೊತೆಗಾರನನ್ನಾಗಿ, ಸಂದೇಶ ಒಯ್ಯುವವನನ್ನಾಗಿ ನಿಲ್ಲಿಸುವುದು ಇದಕ್ಕಿರುವ ವಿವೇಕದ ದಾರಿ. ಪುರಾಣಗಳಲ್ಲಿ ಅಂಥ ಪಾತ್ರಗಳಿಗೇನೂ ಕೊರತೆಯಿಲ್ಲ.

ಒಪ್ಪಿಗೆ ಎಂಬ ನಿಧಾನದ ಕೆಲಸ

ಸಮುದಾಯವನ್ನು ಕೇಳಿ ಮಾಡುವುದೆಂದರೆ ಏನೆಂದು ತಿಳಿಯಲು ವಿಆರ್ ಅಲ್ಲದ ಒಂದು ಗೇಮನ್ನೇ ನೋಡಬೇಕು. ಅಲಾಸ್ಕದ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಎಂಬ ಮೂಲನಿವಾಸಿಗಳ ಸಂಸ್ಥೆ ಈ-ಲೈನ್ ಮೀಡಿಯಾದ ಜೊತೆ ಸೇರಿ 2014ರ ನವೆಂಬರ್‌ನಲ್ಲಿ 'ನೆವರ್ ಅಲೋನ್' ಎಂಬ ಗೇಮ್ ಹೊರತಂದಿತು. ನಿಲ್ಲದ ಹಿಮಬಿರುಗಾಳಿಯ ಮೂಲವನ್ನು ಹುಡುಕಿ ಹೊರಡುವ ಹುಡುಗನೊಬ್ಬನ ಕುರಿತು ಅಲಾಸ್ಕದ ಮೂಲನಿವಾಸಿಗಳಾದ ಇನ್ಯೂಪಿಯಾಕ್ ಜನರು ಹೇಳುವ ಕಥೆ ಅದಕ್ಕೆ ಆಧಾರ. ಆ ಕಥೆಯನ್ನು ಹೇಳುತ್ತಿದ್ದ ಹೆಸರಾಂತ ಕಥೆಗಾರ ರಾಬರ್ಟ್ ನಸ್ರುಕ್ ಕ್ಲೀವ್‌ಲ್ಯಾಂಡ್ ತೀರಿಕೊಂಡಿದ್ದರಿಂದ ತಂಡ ಅವರ ಮಗಳನ್ನು ಕಂಡು ಒಪ್ಪಿಗೆ ಪಡೆಯಿತು. ಹುಡುಗನಿದ್ದ ಪಾತ್ರವನ್ನು ನೂನಾ ಎಂಬ ಹುಡುಗಿಯಾಗಿ ಬದಲಿಸುವ ವಿಚಾರವನ್ನೂ ಅವರ ಮುಂದಿಟ್ಟಿತು. ಸುಮಾರು 40 ಮಂದಿ ಹಿರಿಯರು, ಕಥೆಗಾರರು, ಸಮುದಾಯದವರು ರಚನೆಯಲ್ಲಿ ಪಾಲ್ಗೊಂಡರು. ಗೇಮ್‌ನಲ್ಲಿ ನಿರೂಪಣೆ ಇನ್ಯೂಪಿಯಾಕ್ ಭಾಷೆಯಲ್ಲೇ ಕೇಳಿಸುತ್ತದೆ, ಅರ್ಥ ಕೆಳಗೆ ಅಕ್ಷರಗಳಲ್ಲಿ ಬರುತ್ತದೆ. ಆಡುತ್ತಾ ಹೋದಂತೆ ಆ ಜನರೇ ತಮ್ಮ ಬದುಕಿನ ಬಗ್ಗೆ ಮಾತಾಡುವ ಪುಟ್ಟ ಸಾಕ್ಷ್ಯಚಿತ್ರಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಕಥೆಯಲ್ಲಿ ಬದಲಾವಣೆಯೇ ಕೂಡದು ಎಂದು ಇಲ್ಲಿ ಯಾರೂ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಬದಲಿಸುವ ಮುನ್ನ ಯಾರನ್ನು ಕೇಳಬೇಕೆಂಬುದು ತಂಡಕ್ಕೆ ಗೊತ್ತಿತ್ತು.

ವಿಆರ್‌ನಲ್ಲಿ ಈ ದಾರಿಗೆ ಹತ್ತಿರ ಬರುವುದು ಉತ್ತರ ಅಮೆರಿಕದ ಮೂಲನಿವಾಸಿ ಅನಿಶಿನಾಬೆ ಸಮುದಾಯದ ನಿರ್ದೇಶಕಿ ಲೀಸಾ ಜಾಕ್ಸನ್ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಜೊತೆ 2018ರಲ್ಲಿ ರೂಪಿಸಿದ 'ಬಿದಾಬನ್: ಫಸ್ಟ್ ಲೈಟ್'. ಭವಿಷ್ಯದ ಟೊರಾಂಟೊ ನಗರವನ್ನು ನೀರೂ ಗಿಡಮರಗಳೂ ಮರಳಿ ಆಕ್ರಮಿಸಿವೆ. ಆ ಪ್ರದೇಶದ ಮೂಲ ಭಾಷೆಗಳಾದ ವೆಂಡಾಟ್, ಮೋಹಾಕ್ ಮತ್ತು ಅನಿಶಿನಾಬೆಮೊವಿನ್ ಅಲ್ಲಿ ಮತ್ತೆ ಕೇಳಿಸುತ್ತವೆ. ಇಲ್ಲಿ ಗೆಲ್ಲಬೇಕಾದ ಯುದ್ಧವಾಗಲಿ ಕೂಡಿಹಾಕಬೇಕಾದ ಅಂಕವಾಗಲಿ ಇಲ್ಲ. ಇದನ್ನು ಗೇಮ್ ಎನ್ನಬೇಕೇ ಎಂಬ ವಾದಕ್ಕೆ ಹೆಚ್ಚಿನ ಬೆಲೆ ಕೊಡಬೇಕಿಲ್ಲ. ಎಲ್ಲ ಕಥೆಗಳೂ ಕತ್ತಿ ಕಾಳಗಕ್ಕೆ ಒಗ್ಗುವುದಿಲ್ಲ ಎಂಬುದಷ್ಟೇ ಇದರಿಂದ ತಿಳಿಯುತ್ತದೆ.

ಒಪ್ಪಿಗೆ ಬೇಕಿಲ್ಲ ಎನ್ನುವವರ ವಾದವೂ ಹುರುಳಿಲ್ಲದ್ದಲ್ಲ. ಕಥೆಗಳು ಯಾವ ಕಾಲದಲ್ಲೂ ಅನುಮತಿ ಪತ್ರ ಹಿಡಿದು ಗಡಿ ದಾಟಿಲ್ಲ, ವ್ಯಾಪಾರಿಗಳೂ ಯಾತ್ರಿಕರೂ ಅವನ್ನು ಒಯ್ದರು, ಒಯ್ದಲ್ಲೆಲ್ಲ ಅವು ಬದಲಾದವು. ಪ್ರತಿ ಬಳಕೆಗೂ ಒಪ್ಪಿಗೆ ಕೇಳತೊಡಗಿದರೆ ಹೊಸದೇನೂ ಹುಟ್ಟುವುದಿಲ್ಲ ಎಂದು ಅವರು ಹೇಳುತ್ತಾರೆ. ಜಗತ್ತಿನ ಮೂಲೆ ಮೂಲೆಗೆ ಹರಡಿರುವ ಮಹಾಕಾವ್ಯಗಳ ಮಟ್ಟಿಗೆ ಇದು ಒಪ್ಪತಕ್ಕ ಮಾತು. ಆದರೆ ಎಲ್ಲ ಕಥೆಗಳೂ ಎಲ್ಲರಿಗಾಗಿ ಇರುವುದಿಲ್ಲ. ಉತ್ತರ ಅಮೆರಿಕದ ಹಲವು ಮೂಲನಿವಾಸಿ ಸಮುದಾಯಗಳಲ್ಲಿ ಕೆಲವು ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳಬೇಕು. ಆಸ್ಟ್ರೇಲಿಯದ ಮೂಲನಿವಾಸಿಗಳಲ್ಲಿ ಹೆಂಗಸರಷ್ಟೇ ಅಥವಾ ಗಂಡಸರಷ್ಟೇ ತಿಳಿಯಬೇಕಾದ ಕಥೆಗಳಿವೆ. ಅಲ್ಲಿನ ವಾರುಮುಂಗು ಜನರ ಜೊತೆ ಸೇರಿ ಬೆಳೆಸಿದ ಮುಕುರ್ಟು ಎಂಬ ಡಿಜಿಟಲ್ ಸಂಗ್ರಹ ವ್ಯವಸ್ಥೆ, ಯಾವ ದಾಖಲೆಯನ್ನು ಯಾರು ನೋಡಬಹುದೆಂಬುದನ್ನು ಸಮುದಾಯದ ಕಟ್ಟಳೆಯಂತೆಯೇ ನಿಯಂತ್ರಿಸುತ್ತದೆ. ಹೆಡ್‌ಸೆಟ್ಟಿಗೆ ತಾರೀಖು ಗೊತ್ತಿದೆ. ಚಳಿಗಾಲದಲ್ಲಷ್ಟೇ ತೆರೆದುಕೊಳ್ಳುವ ಅಧ್ಯಾಯವೊಂದನ್ನು ಗೇಮ್‌ನಲ್ಲಿ ಇಡುವುದು ಒಂದೆರಡು ಸಾಲಿನ ಕೋಡ್‌ನ ಕೆಲಸ. ಕೊಂಡ ಸರಕು ಕೊಂಡ ಕ್ಷಣದಿಂದ ಪೂರ್ತಿ ನನ್ನದು ಎನ್ನುವ ಗ್ರಾಹಕನಿಗೆ ಅದನ್ನು ಒಪ್ಪಿಸುವುದೇ ಕಷ್ಟ.

ಕಾನೂನು ಎಲ್ಲಿ ಕೈಚೆಲ್ಲುತ್ತದೆ

ಹಕ್ಕುಸ್ವಾಮ್ಯ ಕಾನೂನಿಗೆ ಗುರುತಿಸಬಹುದಾದ ಕರ್ತೃ ಬೇಕು, ಅದಕ್ಕೊಂದು ಅವಧಿಯೂ ಇರುತ್ತದೆ. ಜನಪದ ಕಥೆಗೆ ಕರ್ತೃವಿಲ್ಲ. ಇದ್ದಿದ್ದರೂ ಅವಧಿ ಮುಗಿದು ಶತಮಾನಗಳಾಗಿರುತ್ತಿದ್ದವು. ಹೀಗಾಗಿ ಕಥೆ ಯಾರ ಸ್ವತ್ತೂ ಅಲ್ಲ. ಆದರೆ ಅದೇ ಕಥೆಯಿಂದ ಮಾಡಿದ ಗೇಮ್‌ನ ಚಿತ್ರ, ಸಂಗೀತ, ಸಂಭಾಷಣೆ, ಕೋಡ್ ಎಲ್ಲವೂ ಸ್ಟುಡಿಯೋದ ಸ್ವತ್ತು. ಕಥೆ ಕೊಟ್ಟವರು ಆ ಗೇಮ್‌ನ ಒಂದು ದೃಶ್ಯವನ್ನು ಬಳಸಿಕೊಳ್ಳಬೇಕಾದರೂ ಸ್ಟುಡಿಯೋವನ್ನು ಕೇಳಬೇಕಾದ ಪರಿಸ್ಥಿತಿ ಹುಟ್ಟುವುದು ಹೀಗೆ.

ಇದನ್ನು ಸರಿಪಡಿಸುವ ಯತ್ನಗಳು ಹೊಸವಲ್ಲ. ಯುನೆಸ್ಕೋ ಮತ್ತು ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆ 1982ರಲ್ಲೇ ಜನಪದ ಅಭಿವ್ಯಕ್ತಿಗಳ ರಕ್ಷಣೆಗೆ ಮಾದರಿ ನಿಯಮಗಳನ್ನು ಸಿದ್ಧಪಡಿಸಿದ್ದವು. 1996ರ ಪ್ರದರ್ಶಕರ ಹಕ್ಕುಗಳ ಒಪ್ಪಂದ ಜನಪದವನ್ನು ಹಾಡುವವರನ್ನೂ ಆಡುವವರನ್ನೂ ಪ್ರದರ್ಶಕರೆಂದು ಗುರುತಿಸಿತು. ಅಂದರೆ ಹಾಡುವವಳಿಗೆ ತನ್ನ ದನಿಯ ಮೇಲೆ ಹಕ್ಕಿದೆ, ಅವಳ ಊರಿಗೆ ಆ ಹಾಡಿನ ಮೇಲೆ ಇಲ್ಲ. 2000ದಲ್ಲಿ ಅಂತರ್‌ಸರ್ಕಾರಿ ಸಮಿತಿಯೊಂದು ರಚನೆಯಾಗಿ ಮಾತುಕತೆ ಆರಂಭವಾಯಿತು. ಸುಮಾರು ಕಾಲು ಶತಮಾನದ ಬಳಿಕ ಹೊರಬಂದ 2024ರ ಒಪ್ಪಂದ ತಳಿ ಸಂಪನ್ಮೂಲಗಳಿಗೆ, ಅಂದರೆ ಗಿಡ, ಪ್ರಾಣಿ, ಸೂಕ್ಷ್ಮಜೀವಿಗಳ ಅನುವಂಶಿಕ ಸಾಮಗ್ರಿಗೆ, ಮತ್ತು ಅವುಗಳಿಗೆ ಹೊಂದಿಕೊಂಡ ಜ್ಞಾನಕ್ಕೆ ಸೀಮಿತ. ಅಂಥ ಮೂಲವನ್ನು ಆಧರಿಸಿದ ಪೇಟೆಂಟ್ ಅರ್ಜಿಯಲ್ಲಿ ಆ ಮೂಲವನ್ನು ಹೇಳಬೇಕೆಂಬುದು ಅದರ ಸಾರ. ಅದು ಜಾರಿಗೆ ಬರಲು 15 ದೇಶಗಳ ಅನುಮೋದನೆಯೂ ಬೇಕು. ಔಷಧಿ ಗಿಡದ ಗುಣ ಅಲ್ಲಿ ಸೇರುತ್ತದೆ, ಆ ಗಿಡದ ಹುಟ್ಟಿನ ಕಥೆ ಸೇರುವುದಿಲ್ಲ.

ಯಂತ್ರದ ಆಯಸ್ಸು

ವಿಆರ್‌ನಲ್ಲಿ ಇಟ್ಟರೆ ಕಥೆ ಉಳಿಯುತ್ತದೆ ಎಂಬ ಭರವಸೆ ಈ ಇಡೀ ಚರ್ಚೆಯಲ್ಲೇ ತೀರ ದುರ್ಬಲವಾದ ಕೊಂಡಿ. ಶಾಲಾ ಮಕ್ಕಳಿಗಾಗಿ ಗೂಗಲ್ ನಡೆಸುತ್ತಿದ್ದ 'ಎಕ್ಸ್‌ಪೆಡಿಷನ್ಸ್' ಎಂಬ ವಿಆರ್ ಪ್ರವಾಸಗಳ ಆಪ್ 2021ರಲ್ಲಿ ಮುಚ್ಚಿತು. ಮೈಕ್ರೋಸಾಫ್ಟ್ ತನ್ನ ಮಿಕ್ಸ್ಡ್ ರಿಯಾಲಿಟಿ ವೇದಿಕೆಯನ್ನು ವಿಂಡೋಸ್ 11ರ 2024ರ ಆವೃತ್ತಿಯಿಂದ ತೆಗೆದುಹಾಕಿದಾಗ, ಅದನ್ನೇ ನಂಬಿದ್ದ ಹೆಡ್‌ಸೆಟ್‌ಗಳು ಹೊಸ ಆವೃತ್ತಿಯ ಕಂಪ್ಯೂಟರುಗಳಲ್ಲಿ ಕೆಲಸಕ್ಕೆ ಬಾರದ ಪ್ಲಾಸ್ಟಿಕ್ ಆದವು. ತಾಳೆಗರಿ ನೂರಾರು ವರ್ಷ ಬಾಳುತ್ತದೆ, ಬಾಯಿಂದ ಬಾಯಿಗೆ ಬಂದ ಹಾಡು ಅದಕ್ಕಿಂತ ಹೆಚ್ಚೂ ಬಾಳಬಹುದು. ಹೆಡ್‌ಸೆಟ್ಟಿಗೆಂದು ಬರೆದ ಗೇಮ್ ಒಂದು ದಶಕ ದಾಟಿದರೆ ದೊಡ್ಡ ಮಾತು.

ಪುರಾಣಕ್ಕೆ ಮಾರುಕಟ್ಟೆಯಿಲ್ಲ ಎಂಬುದಂತೂ ಸುಳ್ಳು. ಚೀನಾದ ವಾನರವೀರನ ಪುರಾಣಕಥೆಯನ್ನು ಆಧರಿಸಿದ 'ಬ್ಲ್ಯಾಕ್ ಮಿತ್: ವುಕಾಂಗ್' 2024ರ ಆಗಸ್ಟ್ 20ರಂದು ಬಿಡುಗಡೆಯಾಗಿ ಮೂರೇ ದಿನಗಳಲ್ಲಿ ಒಂದು ಕೋಟಿ ಪ್ರತಿ ಮಾರಾಟವಾಯಿತು. ಅದರಲ್ಲಿ ತಲೆಯಿಲ್ಲದ ಸನ್ಯಾಸಿಯೊಬ್ಬ ಮೂರು ತಂತಿಯ ವಾದ್ಯ ಮೀಟುತ್ತಾ ಉತ್ತರ ಶಾನ್‌ಷಿ ಪ್ರದೇಶದ ಕಥನಗಾಯನ ಶೈಲಿಯಲ್ಲಿ ಹಾಡುವ ದೃಶ್ಯವಿದೆ. ಆಟದ ಮಧ್ಯೆ ದೊಣ್ಣೆ ಕೆಳಗಿಳಿಸಿ ನಿಂತು ಕೇಳುವಂತೆ ಮಾಡುವ ಆ ಕೆಲವು ನಿಮಿಷಗಳು, ಹೇಳುಗನನ್ನು ಕಥೆಯೊಳಗೇ ಹೇಗೆ ಉಳಿಸಿಕೊಳ್ಳಬಹುದೆಂಬುದಕ್ಕೆ ಒಳ್ಳೆಯ ಪಾಠ. ಅದು ವಿಆರ್ ಗೇಮ್ ಅಲ್ಲ ಎಂಬುದೂ ಅಷ್ಟೇ ಮುಖ್ಯ. ಕೇಳುಗರು ಇರುವುದು ಮೊಬೈಲು, ಕಂಪ್ಯೂಟರುಗಳ ಮುಂದೆ. ಹೆಡ್‌ಸೆಟ್ ಇನ್ನೂ ಒಬ್ಬರೇ ತೊಟ್ಟು ಉಳಿದವರು ಕಾಯುತ್ತಾ ಕೂರುವ ಸಾಧನ.

ಮುಂದೆ ಆಗಬಹುದಾದದ್ದು

ಈ ಕಾರಣಗಳನ್ನೆಲ್ಲ ಕೂಡಿಸಿ ನೋಡಿದರೆ ಎರಡು ಧಾರೆಗಳು ಬೇರೆಯಾಗುವ ಲಕ್ಷಣ ಕಾಣುತ್ತದೆ. ನಾರ್ಸ್, ಗ್ರೀಕ್, ಈಜಿಪ್ಟ್ ಪುರಾಣಗಳಂತೆ ಹಕ್ಕು ಕೇಳುವವರಿಲ್ಲದ, ಎಲ್ಲರಿಗೂ ಪರಿಚಿತವಾದ ಕಥೆಗಳು ದೊಡ್ಡ ಬಂಡವಾಳದ ಗೇಮ್‌ಗಳಾಗಿ ಬರುತ್ತಲೇ ಇರುತ್ತವೆ. ಸಣ್ಣ ಭಾಷೆಗಳ ಕಥೆಗಳು ಅನುದಾನ ಪಡೆದು, ವಸ್ತುಸಂಗ್ರಹಾಲಯ ಮತ್ತು ಉತ್ಸವಗಳಲ್ಲಿ ಹತ್ತಿಪ್ಪತ್ತು ನಿಮಿಷದ ವಿಆರ್ ಅನುಭವಗಳಾಗಿ ಕಾಣಿಸಿಕೊಂಡು, ಯೋಜನೆಯ ಅವಧಿ ಮುಗಿದಾಗ ಮಾಯವಾಗುತ್ತವೆ. ಈ ಎರಡನೆಯ ಧಾರೆಯಲ್ಲಿ ನಿಜವಾಗಿ ಬೆಲೆಬಾಳುವುದು ಅಂತಿಮ ಗೇಮ್ ಅಲ್ಲ, ಅದಕ್ಕಾಗಿ ಸಂಗ್ರಹಿಸಿದ ಕಚ್ಚಾ ಸಾಮಗ್ರಿ: ಗಂಟೆಗಟ್ಟಲೆಯ ಧ್ವನಿಮುದ್ರಣ, ವೇಷಭೂಷಣಗಳ ತ್ರಿ-ಆಯಾಮದ ಛಾಯಾಚಿತ್ರಗಳು, ಹೇಳುವಾಗಿನ ಕೈಸನ್ನೆ ಮುಖಭಾವಗಳ ದಾಖಲೆ. ಅದರ ಒಂದು ಪ್ರತಿ ಸಾಮಾನ್ಯ ಸ್ವರೂಪದ ಕಡತಗಳಲ್ಲಿ ಸಮುದಾಯದ ಕೈಗೆ ಸೇರಿದರೆ ಹೆಡ್‌ಸೆಟ್ ಹಾಳಾದರೂ ಕಥೆಗೆ ಧಕ್ಕೆಯಿಲ್ಲ. ಸ್ಟುಡಿಯೋದ ಸರ್ವರಿನಲ್ಲೇ ಉಳಿದರೆ ಸ್ಟುಡಿಯೋ ಮುಚ್ಚಿದ ದಿನ ಅದೂ ಮುಚ್ಚಿಹೋಗುತ್ತದೆ.

ಈ ಸಾಮಗ್ರಿಗೆ ಈಗ ಇನ್ನೊಂದು ಬಳಕೆಯೂ ಹುಟ್ಟಿಕೊಂಡಿದೆ. ಒಬ್ಬರ ದನಿಯ ಮುದ್ರಣ ಸಾಕಷ್ಟಿದ್ದರೆ ಅದೇ ದನಿಯಲ್ಲಿ, ಅವರೆಂದೂ ಹೇಳದ ಕಥೆಯನ್ನು ಕೃತಕ ಬುದ್ಧಿಮತ್ತೆಯಿಂದ ಹೇಳಿಸಬಹುದು. ಕೇಳುಗನ ಪ್ರಶ್ನೆಗೆ ಉತ್ತರಿಸುವ, ಹೂಂಗುಟ್ಟಿದರೆ ಮುಂದುವರಿಸುವ ಅಜ್ಜಿಯೊಬ್ಬಳನ್ನು ವಿಆರ್‌ನೊಳಗೆ ಕೂರಿಸುವುದು ಇಂದು ಸಾಧ್ಯವಿರುವ ಕೆಲಸ. ಧ್ವನಿಮುದ್ರಣಕ್ಕೆ ಸಹಿ ಹಾಕಿದ ಹಿರಿಯರು ಇದಕ್ಕೂ ಒಪ್ಪಿದ್ದರೇ, ಅವರು ತೀರಿಕೊಂಡ ಮೇಲೆ ಆ ದನಿ ಮೌನವಾಗಬೇಕೇ ಅಥವಾ ಹೇಳುತ್ತಲೇ ಇರಬೇಕೇ, ಎಂಬುದನ್ನು ಒಪ್ಪಂದದ ಹಾಳೆಯಲ್ಲಿ ಮೊದಲೇ ಬರೆಸಿಕೊಳ್ಳದಿದ್ದರೆ ಆ ತೀರ್ಮಾನ ಮುದ್ರಣ ಯಾರ ಕೈಯಲ್ಲಿದೆಯೋ ಅವರದಾಗುತ್ತದೆ.